ನಸುಗುನ್ನಿಯ ಅರವತ್ತಾರು ಅಕ್ಷರ

ಕಳೆದ ಜುಲೈನಲ್ಲಿ ಎರಡು ದಿನದ ಮಟ್ಟಿಗೆ ಸಾಗರಕ್ಕೆ ಹೋಗಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಇಳಿದುಕೊಂಡು, ಸೀರೆ ಇಡಲೆಂದು ಬೀರುವಿನ ಬಾಗಿಲು ತೆಗೆದರೆ ಒಳಗೆ ಒಂದು ಬಲ್ಬು ಉರಿಯುತ್ತಿತ್ತು. ಮಳೆಗಾಲದಲ್ಲಿ ಬಟ್ಟೆಗೆ ಬೂಸ್ಟು ಹಿಡಿಯದಿರಲೆಂದು ಆ ಕಡೆಯವರು ಮಾಡುವ ಉಪಾಯ. ಬಿಸಿ ಗಾಜಿನ ಮೇಲೆ ಧೂಳು ಸೀಯುವ ಸಣ್ಣ ವಾಸನೆ ಮೂಗಿಗೆ ಬಂತು. ಬೇರೆ ಯಾರಿಗಾದರೂ ಅದು ಬಟ್ಟೆ ಬೀರುವಿನ ವಾಸನೆ. ನನಗೆ ಅದು ಕಂಪ್ಯೂಟರಿನದು.

ಎಂಬತ್ತರ ದಶಕ ಅರ್ಧ ಕಳೆದಿದ್ದ ಹೊತ್ತಿನಲ್ಲಿ ನಾನು ಗಣಿತದ ಮೇಷ್ಟರಾಗಿ ಸಾಗರಕ್ಕೆ ಬಂದೆ. ತಿಪಟೂರಿನವಳು, ಇಪ್ಪತ್ನಾಲ್ಕು ವರ್ಷ, ಮೊದಲ ಕೆಲಸ. ನಾನು ಬರುವುದಕ್ಕೆ ಕೆಲವು ತಿಂಗಳ ಹಿಂದೆ ನಮ್ಮ ಜೂನಿಯರ್ ಕಾಲೇಜಿಗೆ ಸರ್ಕಾರದಿಂದ ಒಂದು ಕಂಪ್ಯೂಟರ್ ಬಂದಿತ್ತು. ಒಂದು ಕೀಲಿಮಣೆ, ಸಣ್ಣ ಟಿವಿಯಂಥ ಪರದೆ, ಬರೆದದ್ದನ್ನು ಉಳಿಸಿಕೊಳ್ಳಲು ಹಾಡು ಕೇಳುವಂಥದೇ ಕ್ಯಾಸೆಟ್ ರೆಕಾರ್ಡರು. ಅದರ ತರಬೇತಿ ಪಡೆದಿದ್ದ ಮೇಷ್ಟರಿಗೆ ವರ್ಗವಾಗಿ, ಆ ಜಾಗಕ್ಕೆ ನನ್ನನ್ನು ಮೂರು ವಾರ ಮೈಸೂರಿಗೆ ಕಳಿಸಿ ಕಲಿಸಿ ತಂದರು. ನಮ್ಮ ಪ್ರಿನ್ಸಿಪಾಲ್ ಹೆಗಡೆಯವರು ಅದನ್ನು ಮರದ ಬೀರುವಿನಲ್ಲಿಟ್ಟು, ಒಳಗೆ ಹಗಲೂ ರಾತ್ರಿ ಅರವತ್ತರ ಬಲ್ಬು ಉರಿಸಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ವಾರಕ್ಕೊಂದು ದಿನ ಮಕ್ಕಳನ್ನು ಸಾಲಾಗಿ ಕರೆತಂದು, ಮಗ್ಗಿ ಪರದೆಯ ಮೇಲೆ ತಾನಾಗಿಯೇ ಮೂಡುವುದನ್ನು ತೋರಿಸುತ್ತಿದ್ದೆ. ಅದಕ್ಕಿಂತ ಹೆಚ್ಚಿನದಕ್ಕೆ ಆ ಯಂತ್ರ ಬೇಕಾದೀತು ಎಂದು ನನಗೂ ಹೊಳೆದಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಶನಿವಾರ ತೀರ್ಥಹಳ್ಳಿಯಿಂದ ಒಬ್ಬರು ಬಂದರು. ಎತ್ತರದ ಆಳು, ಪ್ಯಾಂಟಿನ ಕಾಲು ಮೊಣಕಾಲಿನವರೆಗೆ ಮಡಚಿಕೊಂಡಿದ್ದರು, ಬಗಲಲ್ಲಿ ಪ್ಲಾಸ್ಟಿಕ್ ಸುತ್ತಿದ ಪುಸ್ತಕ. ಹೆಸರು ರಾಮಚಂದ್ರಗೌಡ, ಅಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲೆಕ್ಚರರ್. ಪಿಎಚ್.ಡಿ.ಗೆ ಹೆಸರು ಬರೆಸಿ ಆರು ವರ್ಷವಾಗಿತ್ತು. ಮಾರ್ಚಿಗೆ ಗಡುವು ಮುಗಿಯುತ್ತದೆ, ಅದೇ ಹೊತ್ತಿಗೆ ಮೈಸೂರಿನ ಅವರ ಗೈಡ್ ಕೂಡ ನಿವೃತ್ತರಾಗುತ್ತಾರೆ.

ಅವರು ಹಿಡಿದ ವಸ್ತು ನಸುಗುನ್ನಿ. ಕಾಯಿ ಮುಟ್ಟಿದರೆ ಮೈಯೆಲ್ಲ ತುರಿಸುವ ಕಾಡು ಬಳ್ಳಿ. ಆ ಕಾಯಿಯೊಳಗಿನ ಕಾಳನ್ನು ಹಲವು ಸಲ ಬೇಯಿಸಿ ನೀರು ಚೆಲ್ಲದೆ ತಿಂದರೆ ಹೊಟ್ಟೆ ಕೆಡುತ್ತದೆ. ಜೀರ್ಣವನ್ನೇ ತಡೆಯುವ ಒಂದು ಪ್ರೋಟೀನು ಅದರಲ್ಲಿದೆ ಎಂದು ಗೌಡರು ಕಂಡುಕೊಂಡಿದ್ದರು. ಪ್ರೋಟೀನು ಅಂದರೇನೆಂದು ನಾನು ಕೇಳಿದ್ದಕ್ಕೆ ಬೆಂಚಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು.

"ಒಂದು ಸರ ಅಂದ್ಕೊಳ್ಳಿ ಮೇಡಂ. ಇಪ್ಪತ್ತು ಥರದ ಮಣಿ ಇರ್ತವೆ. ಒಂದೊಂದು ಥರಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಯಾವ ಮಣಿ ಆದ್ಮೇಲೆ ಯಾವುದು ಅನ್ನೋದರ ಮೇಲೇ ಆ ಸರ ಎಂತ ಕೆಲಸ ಮಾಡ್ತದೆ ಅನ್ನೋದು ಇರೋದು. ನನ್ನ ಸರದಲ್ಲಿ ಅರವತ್ತಾರು ಮಣಿ. ರಜೆ ಬಂದಾಗೆಲ್ಲ ಮೈಸೂರಿಗೆ ಹೋಗಿ ಒಂದೊಂದೇ ಬಿಚ್ಚಿ ನೋಡಿದೀನಿ."

ಅರವತ್ತಾರು ಅಕ್ಷರಕ್ಕೆ ಆರು ವರ್ಷ. ನಾನು ಮನಸ್ಸಿನಲ್ಲೇ ಭಾಗಿಸಿದ್ದು ನೆನಪಿದೆ.

ಅವರ ಪ್ರಬಂಧದ ಹೆಸರಿನಲ್ಲೇ 'ಈವರೆಗೆ ಕಾಣದ' ಎಂಬ ಮಾತಿತ್ತು. ಅದನ್ನು ಹೇಳಬೇಕಾದರೆ, ಲೋಕದಲ್ಲಿ ಈಗಾಗಲೇ ಗೊತ್ತಿರುವ ಸರಗಳ ಪಕ್ಕ ಇಟ್ಟು ನೋಡಿರಬೇಕು ಎಂದು ಗೈಡ್ ಪಟ್ಟು ಹಿಡಿದಿದ್ದರು. ಗೌಡರು ಬೆಂಗಳೂರಿನ ಲೈಬ್ರರಿಯಲ್ಲಿ ಕೂತು ನಲವತ್ತು ಸರಗಳನ್ನು ಕೈಯಲ್ಲಿ ಬರೆದುಕೊಂಡು ಬಂದಿದ್ದರು. ಪ್ಲಾಸ್ಟಿಕ್ಕಿನೊಳಗಿದ್ದ ಪುಸ್ತಕ ಅದೇ. ಕಾಗದದ ಪಟ್ಟಿಗಳ ಮೇಲೆ ಅಕ್ಷರ ಬರೆದು ತಲೆಗೆ ತಲೆ ಸೇರಿಸಿ ನೋಡಿದ್ದರು. ಯಾವುದೂ ಹೊಂದಿರಲಿಲ್ಲ. ಆದರೆ ಪ್ರತಿಯೊಂದನ್ನೂ ಒಂದೊಂದೇ ಮನೆ ಸರಿಸಿ ನೋಡಲು ಆಯುಷ್ಯ ಸಾಲದು, ಯಂತ್ರ ಬೇಕು ಎಂದರು.

ಹೆಗಡೆಯವರು ಒಪ್ಪಲಿಲ್ಲ. "ಸರ್ಕಾರದ ಆಸ್ತಿ ಇದು. ಮಕ್ಕಳಿಗೆ ಮುಟ್ಟಕ್ಕೆ ಕೊಡೋದೇ ಕಷ್ಟ. ನಿಮ್ಮ ಕಾಳಿನ ಲೆಕ್ಕಕ್ಕೆ ಕೊಟ್ಟರೆ ನಾನು ಮೇಲಿನವರಿಗೆ ಎಂತ ಬರೀಲಿ?"

"ಕಾಳಿನ ಲೆಕ್ಕ ಅಲ್ಲ ಸರ್, ಅಕ್ಷರದ ಲೆಕ್ಕ" ಎಂದರು ಗೌಡರು.

ಹೆಗಡೆಯವರು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದರು. "ಅಕ್ಷರದ್ದು ಅಂದ್ರೆ ಶಾಲೆಗೆ ಸಂಬಂಧಪಟ್ಟಿದ್ದೇ ಆಯ್ತು. ಭಾನುವಾರ ಮಾತ್ರ. ವಿಮಲಾ ಮೇಡಂ ಎದುರಿಗಿರಬೇಕು."

ಹಾಗೆ ನನ್ನ ಆ ಮಳೆಗಾಲದ ಭಾನುವಾರಗಳೆಲ್ಲ ನಸುಗುನ್ನಿಗೆ ಹೋದವು.

ಮೊದಲ ಭಾನುವಾರ ಗೌಡರು ಅಕ್ಷರಗಳನ್ನು ಓದಿದರು, ನಾನು ಕೀಲಿ ಒತ್ತಿದೆ. ಕೆಲಸ ಕೆಟ್ಟಿತು. ಅವರಿಗೆ ತಮ್ಮ ಸರ ಬಾಯಿಪಾಠವಾಗಿದ್ದರಿಂದ ಓಡುತ್ತಿದ್ದರು. ಡಿ ಎಂದದ್ದು ನನಗೆ ಟಿ ಎಂದು ಕೇಳುತ್ತಿತ್ತು, ಪಿ ಎಂದದ್ದು ಜಿ ಎಂದು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು. ಹತ್ತಿರದಲ್ಲೇ ಲಿಂಗನಮಕ್ಕಿಯ ಅಣೆಕಟ್ಟು, ಕಾರ್ಗಲ್ಲಿನಲ್ಲಿ ಊರಿಗೆ ಊರೇ ಕರೆಂಟಿನ ಕೆಲಸದವರು, ನಮಗೆ ಮಾತ್ರ ಕತ್ತಲೆ. ಕ್ಯಾಸೆಟ್ಟಿಗೆ ಇಳಿಸಿರದ ಅಕ್ಷರಗಳೆಲ್ಲ ಅಳಿಸಿಹೋದವು.

ಮುಂದಿನ ವಾರ ಅವರು ಹೆಂಡತಿಯನ್ನು ಕರೆತಂದರು. ಸುಶೀಲಾ, ನನಗಿಂತ ಏಳೆಂಟು ವರ್ಷ ದೊಡ್ಡವರು. ಏಳನೇ ಕ್ಲಾಸಿನವರೆಗೆ ಓದಿದ್ದರು. ತೀರ್ಥಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹತ್ತಿ, ಹೊಸನಗರದಲ್ಲಿ ಬಸ್ಸು ನಿಂತಾಗ ಸ್ಟ್ಯಾಂಡಿಗೆ ಬಂದಿರುತ್ತಿದ್ದ ತಂಗಿಯ ಕೈಗೆ ಮಗಳನ್ನು ಕೊಟ್ಟು, ಸಾಗರಕ್ಕೆ ಬರುತ್ತಿದ್ದರು. ಮಗಳು ಈ ಕೆಲಸ ಶುರುವಾದ ವರ್ಷ ಹುಟ್ಟಿದವಳು.

"ಇವರು ಅಕ್ಷರ ಓದೋ ಚಂದಕ್ಕೆ ನಿಮಗೆ ಹುಚ್ಚು ಹಿಡೀತದೆ" ಎಂದು ಸುಶೀಲಾ ಪುಸ್ತಕ ತಮ್ಮ ಮುಂದೆ ಎಳೆದುಕೊಂಡರು. "ನಾ ಒಂದು ಉಪಾಯ ಮಾಡಿದೀನಿ. ಬಸ್ಸಲ್ಲಿ ಬರ್ತಾ ಯೋಚನೆ ಮಾಡಿದ್ದು."

ಅವರು ಪ್ರತಿ ಅಕ್ಷರಕ್ಕೂ ಅಡುಗೆಮನೆಯ ಒಂದು ಹೆಸರಿಟ್ಟಿದ್ದರು. ಡಿ ಅಂದರೆ ಡಬ್ಬಿ, ಟಿ ಅಂದರೆ ತಟ್ಟೆ, ಪಿ ಪಾತ್ರೆ, ಜಿ ಗಿಂಡಿ, ಎಸ್ ಸೌಟು, ಎ ಅಕ್ಕಿ, ಎಚ್ ಹಂಡೆ, ಸಿ ಚೊಂಬು. ಕ್ಯೂಗೆ ಮಾತ್ರ ಏನೂ ಸಿಕ್ಕಿರಲಿಲ್ಲ. "ಅದಕ್ಕೆ ಸೀಮೆಎಣ್ಣೆ ಅಂತ ಇಟ್ಟಿದೀನಿ" ಎಂದರು. ಯಾಕೆಂದು ಕೇಳಿದೆ. "ಸೀಮೆಎಣ್ಣೆಗೇ ಅಲ್ವಾ ಕ್ಯೂ ನಿಲ್ಲೋದು?"

ಅಂದಿನಿಂದ ತಪ್ಪು ನಿಂತುಹೋಯಿತು. ಮಳೆಯ ಸದ್ದಿನ ಮೇಲೆ ಸುಶೀಲಾ ಓದುತ್ತಿದ್ದರು, "ಚೊಂಬು, ಚೊಂಬು, ಡಬ್ಬಿ, ಹಂಡೆ, ಚೊಂಬು, ಅಕ್ಕಿ, ಚೊಂಬು, ತಟ್ಟೆ." ನಾನು ಕೀಲಿ ಒತ್ತುತ್ತಿದ್ದೆ, ಗೌಡರು ಪರದೆಯ ಮೇಲೆ ಬೆರಳಿಟ್ಟು ತಾಳೆ ನೋಡುತ್ತಿದ್ದರು. ಹೆಗಡೆಯವರು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹೋದರು.

ಪ್ರೋಗ್ರಾಮ್ ಬರೆಯುವುದು ನನ್ನ ಪಾಲಿನ ಕೆಲಸ. ಮೊದಲು ಬರೆದದ್ದು ಅವರ ಕಾಗದದ ಪಟ್ಟಿಯ ಹಾಗೇ ಒಂದು ಸರವನ್ನು ಇನ್ನೊಂದರ ಪಕ್ಕ ಜಾರಿಸಿ ಹೊಂದುವ ಅಕ್ಷರ ಎಣಿಸುತ್ತಿತ್ತು. ಅದರಲ್ಲೊಂದು ತೊಡಕಿತ್ತು. ಕಾಲ ಕಳೆದಂತೆ ಇಂಥ ಸರಗಳಲ್ಲಿ ಮಧ್ಯೆ ಎಲ್ಲೋ ಒಂದೆರಡು ಮಣಿ ಸೇರಿಕೊಳ್ಳಬಹುದು, ಉದುರಬಹುದು ಎಂದು ಗೌಡರು ಹೇಳಿದ್ದರು. ಹಾಗಾದರೆ ಅಲ್ಲಿಂದ ಮುಂದೆ ಎಲ್ಲವೂ ಹೆಜ್ಜೆ ತಪ್ಪುತ್ತದೆ, ಸಂಬಂಧವಿದ್ದರೂ ಎಣಿಕೆಗೆ ಸಿಗುವುದಿಲ್ಲ. ಇದನ್ನು ಒಂದು ವಾರ ತಲೆಯಲ್ಲಿ ಹೊತ್ತು ತಿರುಗಿದೆ. ಹತ್ತನೇ ಕ್ಲಾಸಿಗೆ ಗ್ರಾಫ್ ಪಾಠ ಮಾಡುತ್ತಿದ್ದಾಗ ದಾರಿ ಕಂಡಿತು. ಒಂದು ಸರವನ್ನು ಅಡ್ಡಕ್ಕೆ ಬರೆ, ಇನ್ನೊಂದನ್ನು ಉದ್ದಕ್ಕೆ ಬರೆ, ಅಕ್ಷರ ಒಂದೇ ಆದ ಕಡೆಯೆಲ್ಲ ಚುಕ್ಕೆ ಇಡು. ಸಂಬಂಧವಿದ್ದರೆ ಚುಕ್ಕೆಗಳು ಓರೆಗೆರೆಯಾಗಿ ನಿಲ್ಲಬೇಕು. ನಡುವೆ ಮಣಿ ಬಿದ್ದುಹೋಗಿದ್ದರೆ ಗೆರೆ ತುಂಡಾಗಿ, ಪಕ್ಕಕ್ಕೆ ಸರಿದು, ಮತ್ತೆ ಮುಂದುವರಿಯುತ್ತದೆ.

ಹಾಗೆ ಮಾಡಿದಾಗ ಪರದೆ ತುಂಬ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು ಬಂದವು. ಏನೂ ತಿಳಿಯಲಿಲ್ಲ. ಅಕ್ಕಪಕ್ಕದ ಐದು ಅಕ್ಷರಗಳಲ್ಲಿ ಮೂರಾದರೂ ಹೊಂದಿದರೆ ಮಾತ್ರ ಚುಕ್ಕೆ ಎಂದು ಬದಲಿಸಿದೆ. ಪರದೆ ಶುಭ್ರವಾಯಿತು. ಒಂದೊಂದು ಜೋಡಿಗೆ ಮೂರು ನಿಮಿಷ ಹಿಡಿಯುತ್ತಿತ್ತು.

ಸೆಪ್ಟೆಂಬರ್ ಮೊದಲ ಭಾನುವಾರ, ಪುಸ್ತಕದಲ್ಲಿ ಮೂವತ್ತೊಂದನೆಯದಾದ ಸೋಯಾ ಅವರೆಯ ಸರವನ್ನು ಓದುತ್ತಿದ್ದ ಸುಶೀಲಾ ನಡುವೆ ನಿಂತರು. "ಚೊಂಬು, ಚೊಂಬು, ಡಬ್ಬಿ, ಸೀಮೆಎಣ್ಣೆ, ಚೊಂಬು, ಅಕ್ಕಿ, ಚೊಂಬು, ತಟ್ಟೆ." ಪುಸ್ತಕದಿಂದ ತಲೆಯೆತ್ತಿ ಗಂಡನ ಕಡೆ ನೋಡಿದರು. "ಇದು ನಮ್ಮದರ ಹಾಗೇ ಇದೆಯಲ್ಲ ಮಾರಾಯ್ರೆ. ಹಂಡೆ ಇದ್ದ ಕಡೆ ಸೀಮೆಎಣ್ಣೆ ಬಂದಿದೆ, ಅಷ್ಟೆ."

"ಚೊಂಬು ಎಲ್ಲದರಲ್ಲೂ ಇರ್ತದೆ. ನೀ ಓದು" ಎಂದರು ಗೌಡರು.

ಸುಶೀಲಾ ಮುಂದೆ ಓದಿದರು. ಅಂದು ಕರೆಂಟು ಬೇಗ ಹೋಯಿತು.

ಹದಿನೈದು ದಿನದ ನಂತರ ನಲವತ್ತೂ ಸರಗಳು ಕ್ಯಾಸೆಟ್ಟಿಗೆ ಸೇರಿದ್ದವು. ಒಂದರ ಹಿಂದೊಂದರಂತೆ ಹೋಲಿಸಿ ನೋಡುತ್ತ ಬಂದೆವು. ಇಪ್ಪತ್ತು ದಾಟಿತು, ಮೂವತ್ತು ಮುಗಿಯಿತು. ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಪರದೆ ಖಾಲಿ. ಪ್ರತಿಸಲವೂ ಗೌಡರು ಪುಸ್ತಕದಲ್ಲಿ ಆ ಹೆಸರಿನ ಎದುರು ಒಂದು ಅಡ್ಡಗೆರೆ ಎಳೆದು ಸಮಾಧಾನದಿಂದ ಉಸಿರು ಬಿಡುತ್ತಿದ್ದರು. ಮೂವತ್ತೊಂದಕ್ಕೆ ಪರದೆಯ ಮೇಲೆ, ಮೂಲೆಯಿಂದ ಆರೇಳು ಮನೆ ಆಚೆ ಶುರುವಾಗಿ, ಚುಕ್ಕೆಗಳು ಒಂದರ ಕೆಳಗೊಂದು ಓರೆಯಾಗಿ ಇಳಿಯತೊಡಗಿದವು. ಸ್ವಲ್ಪ ದೂರ ಬಂದು ಗೆರೆ ತುಂಡಾಯಿತು. ಎರಡು ಮನೆ ಪಕ್ಕಕ್ಕೆ ಸರಿದು ಮತ್ತೆ ಕೊನೆಯವರೆಗೂ ಇಳಿಯಿತು.

ನಾನು ಚಪ್ಪಾಳೆ ತಟ್ಟಿದೆ. "ಸಿಕ್ತು ಸರ್, ಸಿಕ್ತು ನೋಡಿ" ಎಂದೆ. ಇಂದಿಗೂ ಅದನ್ನು ನೆನೆದರೆ ಮೈ ಹಿಡಿಯಾಗುತ್ತದೆ. ನನ್ನ ಪ್ರೋಗ್ರಾಮ್ ಅಂದುಕೊಂಡ ಹಾಗೇ ಕೆಲಸ ಮಾಡಿತ್ತು, ನನಗೆ ಕಂಡದ್ದು ಅಷ್ಟೇ. ತಿರುಗಿ ನೋಡಿದಾಗ ಗೌಡರ ಕೈಯಲ್ಲಿ ಪೆನ್ನು ಹಾಗೇ ನಿಂತಿತ್ತು.

"ಇನ್ನೊಂದ್ಸಲ ಮಾಡಿ ಮೇಡಂ" ಎಂದರು.

ಮಾಡಿದೆ. ಮೂರು ನಿಮಿಷ ಕಾದೆವು. ಅದೇ ಗೆರೆ ಬಂತು. ಮೂರನೆಯ ಸಲವೂ ಅದೇ. ಗೌಡರು ಎದ್ದು ಹೊರಗಿನ ಜಗಲಿಗೆ ಹೋಗಿ, ಖಾಲಿ ಆಟದ ಬಯಲಿಗೆ ಮುಖ ಮಾಡಿ ನಿಂತರು. ಸುಶೀಲಾ ಪುಸ್ತಕ ಮುಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು.

"ನಂಗೆ ಅವತ್ತೇ ಕಿವಿಗೆ ಬಿದ್ದಿತ್ತು" ಎಂದರು ಮೆಲ್ಲಗೆ. "ಮತ್ತೆ ಹೇಳೋಕೆ ಮನಸ್ಸಾಗಲಿಲ್ಲ. ನೀವು ಬೇಜಾರು ಮಾಡ್ಕೋಬೇಡಿ. ಇದ್ದದ್ದು ತೋರಿಸಿದ್ರಿ."

ಅವರು ನಾಲ್ಕೂವರೆಯ ಬಸ್ಸಿಗೆ ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನು ಹೆಗಡೆಯವರಿಂದ ಬೀಗದ ಕೈ ತೆಗೆದುಕೊಂಡು ಹೋಗಿ ಕೋಣೆಯಲ್ಲಿ ಒಬ್ಬಳೇ ಕೂತಿದ್ದು ಬರುತ್ತಿದ್ದೆ. ನನ್ನ ಪ್ರೋಗ್ರಾಮೇ ತಪ್ಪಿದ್ದರೆ ಎಂಬ ಯೋಚನೆ ಹತ್ತಿತು. ಮೂರು ವಾರದ ತರಬೇತಿಯವಳು ನಾನು. ಒಬ್ಬರ ಆರು ವರ್ಷವನ್ನು ಒಂದು ಸುಳ್ಳು ಗೆರೆಯಿಂದ ಹಾಳು ಮಾಡಿದೆನೇ? ಕೊನೆಗೆ ದೊಡ್ಡದೊಂದು ಗ್ರಾಫ್ ಹಾಳೆ ತಂದು, ಯಂತ್ರದ ಸಹವಾಸವಿಲ್ಲದೆ ಎರಡೂ ಸರಗಳನ್ನು ಕೈಯಲ್ಲೇ ಹೋಲಿಸಿದೆ. ನಾಲ್ಕು ಸಂಜೆ ಹಿಡಿಯಿತು. ಗೆರೆ ಅಲ್ಲೇ ಇತ್ತು. ತಪ್ಪು ಸಿಗಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದು ತಿಳಿದದ್ದು ಆಗಲೇ.

ದಸರಾ ರಜೆ ಬಂತು. ತಿಪಟೂರಿಗೆ ಹೋಗುವ ಮೊದಲು ತೀರ್ಥಹಳ್ಳಿಗೆ ಹೋಗುವುದೆಂದು ತೀರ್ಮಾನಿಸಿ, ಗ್ರಾಫ್ ಹಾಳೆಯನ್ನು ಸುರುಳಿ ಸುತ್ತಿ ಬಸ್ಸು ಹತ್ತಿದೆ. ಕಾಲೇಜಿನ ಹಿಂದಿನ ಬೀದಿಯಲ್ಲಿ ಅವರ ಬಾಡಿಗೆ ಮನೆ. ಗೌಡರು ನನ್ನನ್ನು ಕಂಡು ಬೆರಗಾದರು, ಆದರೆ ಬೇಸರ ತೋರಲಿಲ್ಲ. ಕಾಫಿ ಕುಡಿಯುವವರೆಗೆ ಕಾಲೇಜು, ಬಸ್ಸು, ಮಳೆ ಬಿಟ್ಟದ್ದು ಎಂದೆಲ್ಲ ಮಾತಾಡಿದೆವು. ಲೋಟ ಕೆಳಗಿಟ್ಟು ಅವರು ಕೇಳಿದರು.

"ಮೇಡಂ, ಆ ಮೂವತ್ತೊಂದನೇದರ ವಿಷ್ಯ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ ಸರ್. ಅದು ನಿಮ್ಮ ಕೆಲಸ. ನಾನು ಯಾರಿಗೂ ಹೇಳೋದಿಲ್ಲ."

ಅವರು ತಲೆಯಾಡಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಶೀಲಾ ಮಾತಾಡಿದರು. "ಗೈಡಿಗೆ ಎರಡು ಕಾಗ್ದ ಬರೆದಿಟ್ಟಿದಾರೆ. ಒಂದರಲ್ಲಿ ಸೋಯಾ ಅವರೆ ಇದೆ, ಇನ್ನೊಂದರಲ್ಲಿ ಇಲ್ಲ. ಮೇಜಿನ ಮೇಲೇ ಇದಾವೆ. ವಾರದಿಂದ ಅದರ ಮೇಲಿನ ಧೂಳು ಹೊಡೀತಿದೀನಿ."

ಗೌಡರ ಮುಖ ಕೆಂಪಾಯಿತು. ಅವರು ನನ್ನ ಕಡೆ ನೋಡದೆ ಹೇಳತೊಡಗಿದರು. ಈ ಮಾರ್ಚಿಗೆ ಮುಗಿಸದಿದ್ದರೆ ಗೈಡ್ ಇರುವುದಿಲ್ಲ. ಕಾಲೇಜಿನಲ್ಲಿ ಬಡ್ತಿಯ ರೀಡರ್ ಜಾಗ ಅವರಿಗಿಂತ ಚಿಕ್ಕವರಿಗೆ ಹೋಗುತ್ತದೆ. ಊರಿನಲ್ಲಿ ಗದ್ದೆ ನೋಡಿಕೊಳ್ಳುವ ಅಣ್ಣ, ತುರಿಕೆ ಬಳ್ಳಿಯ ಹಿಂದೆ ಬಿದ್ದ ತಮ್ಮ ಎಂದು ಬಂದವರಿಗೆಲ್ಲ ಹೇಳಿ ನಗುತ್ತಾನೆ. ನಲವತ್ತರ ಬದಲು ಮೂವತ್ತೊಂಬತ್ತು ಸರ ಹೋಲಿಸಿದೆ ಎಂದು ಬರೆದರೆ ಅದು ಸುಳ್ಳೂ ಅಲ್ಲ.

"ಸುಳ್ಳಲ್ಲ" ಎಂದರು ಸುಶೀಲಾ. "ನಾ ಏಳನೇ ಕ್ಲಾಸು, ನನಗೆ ಇದೆಲ್ಲ ಎಂತ ತಿಳೀತದೆ. ಆದ್ರೆ ಮುಂದೆ ನೀವು ಆ ಪುಸ್ತಕ ಕೈಗೆ ತಗೊಂಡಾಗೆಲ್ಲ ಆ ಜಾಗ ಬಿಟ್ಟು ಬಿಟ್ಟು ಓದಬೇಕಾಗ್ತದೆ. ಅದು ನಿಮ್ಮಿಂದ ಆಗೋದಿಲ್ಲ."

ಇಷ್ಟು ಹೇಳಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಏನಾದರೂ ಮಾಡಬೇಕೆಂದು ನಾನು ಗ್ರಾಫ್ ಹಾಳೆ ಬಿಚ್ಚಿ ನೆಲದ ಮೇಲೆ ಹಾಸಿದೆ. ಗೌಡರು ಮೊದಮೊದಲು ಕುರ್ಚಿಯಿಂದಲೇ ನೋಡಿದರು. ಆಮೇಲೆ ಕೆಳಗಿಳಿದು ಮಂಡಿಯೂರಿ ಕೂತು, ಗೆರೆಯ ಉದ್ದಕ್ಕೂ ಬೆರಳು ಆಡಿಸಿದರು. ಒಂದು ಕಡೆ ಚುಕ್ಕೆ ತಪ್ಪಿತ್ತು. ಬೆರಳು ಅಲ್ಲೇ ನಿಂತಿತು.

"ಇದು ಹಿಡಿತದ ಜಾಗ" ಎಂದರು. "ಜೀರ್ಣ ಮಾಡೋ ರಸವನ್ನ ಈ ಪ್ರೋಟೀನು ಹಿಡ್ಕೊಳ್ಳೋದು ಇಲ್ಲೇ. ಸೋಯಾದ್ದಕ್ಕೆ ಇಲ್ಲಿ ಒಂದು ಮಣಿ, ನಮ್ಮದಕ್ಕೆ ಬೇರೆ. ಇದು ಯಾಕೆ ಬೇರೆ ಆಯ್ತು?"

ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ. ಎಷ್ಟೋ ಹೊತ್ತು ಅವರು ಹಾಗೇ ಕೂತಿದ್ದರು. ಸುಶೀಲಾ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಬಿಡಲು ಇಬ್ಬರೂ ಬಂದರು. ದಾರಿಯಲ್ಲಿ ಪೋಸ್ಟಾಫೀಸು. ಗೌಡರು ಜೇಬಿನಿಂದ ಲಕೋಟೆ ತೆಗೆದು ಡಬ್ಬಿಯ ಬಾಯಿಗಿಟ್ಟು, ಒಂದು ಗಳಿಗೆ ಹಿಡಿದುಕೊಂಡಿದ್ದು, ಬಿಟ್ಟರು. ಯಾವ ಕಾಗದವೆಂದು ನಾನು ಕೇಳಲಿಲ್ಲ. ಬಸ್ಸು ಹತ್ತುವಾಗ ಸುಶೀಲಾ ನನ್ನ ಕೈಗೆ ಬುತ್ತಿ ಕೊಟ್ಟು, "ಸೋಯಾ ಇದ್ದ ಕಾಗ್ದವೇ ಹಾಕಿದ್ರು" ಎಂದರು.

ಫಲ ಸಿಹಿಯಾಗೇನೂ ಇರಲಿಲ್ಲ. ಗೈಡ್ ಅವರ ಉತ್ತರ ಖಾರವಾಗಿ ಬಂತು. ಇಷ್ಟು ದಿನ ಇದನ್ನು ನೋಡದೆ ಏನು ಮಾಡುತ್ತಿದ್ದಿರಿ ಎಂದು ಬೈದು, ಇನ್ನೊಂದು ವರ್ಷದ ಗಡುವಿಗೆ ಅರ್ಜಿ ಹಾಕಿಸಿ, ತಮ್ಮ ಜಾಗಕ್ಕೆ ಬರುವವರ ಕೈಗೆ ಅವರನ್ನು ಒಪ್ಪಿಸಿ ನಿವೃತ್ತರಾದರು. ರೀಡರ್ ಜಾಗ ಚಿಕ್ಕವರಿಗೇ ಹೋಯಿತು. ಪ್ರಬಂಧದ ಹೆಸರಿನಿಂದ 'ಈವರೆಗೆ ಕಾಣದ' ಎಂಬ ಮಾತು ಹೋಗಿ, 'ಸೋಯಾ ಅವರೆಯದಕ್ಕೆ ಸಂಬಂಧಿಸಿದ' ಎಂದಾಯಿತು. ಗೌಡರು ಆ ಒಂದು ಮಣಿಯ ಸುತ್ತ ಇನ್ನೊಂದು ವರ್ಷ ಕೆಲಸ ಮಾಡಿದರು. ಭಾನುವಾರಗಳಂದು ಮತ್ತೆ ಸಾಗರಕ್ಕೆ ಬಂದರು. ಹೆಗಡೆಯವರು ಬೀಗದ ಕೈ ಕೊಡುವಾಗ ಏನೂ ಕೇಳುತ್ತಿರಲಿಲ್ಲ. ಜೂನ್‌ನಲ್ಲಿ ನನಗೆ ಚಿತ್ರದುರ್ಗಕ್ಕೆ ವರ್ಗವಾಯಿತು.

ಮರುವರ್ಷ ಮೈಸೂರಿನಲ್ಲಿ ಅವರ ವೈವಾ, ಪ್ರಬಂಧದ ಮೌಖಿಕ ಪರೀಕ್ಷೆ. ಕಾಗದ ಬರೆದು ಕರೆದಿದ್ದರು, ಹೋದೆ. ನಾನು, ಸುಶೀಲಾ ಕೊನೆಯ ಬೆಂಚಿನಲ್ಲಿ ಕೂತೆವು. ಅವರು ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಮಾತು ಕಡಿಮೆ. ಪುಟ ತಿರುವುತ್ತ ಸಣ್ಣಪುಟ್ಟದ್ದು ಕೇಳಿ, ಕೊನೆಗೆ ಕನ್ನಡಕ ತೆಗೆದು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಹಾಕಿದರು. ಗೌಡರು ಎರಡು ವಾಕ್ಯ ಹೇಳಿದರು. ಪರೀಕ್ಷಕರು ಅವರನ್ನೇ ನೋಡಿ, ಕನ್ನಡಕ ಹಾಕಿಕೊಂಡು, ಏನೋ ಬರೆದುಕೊಂಡರು.

ಸುಶೀಲಾ ನನ್ನ ಮೊಣಕೈ ಮುಟ್ಟಿದರು. "ಎಂತ ಕೇಳಿದ್ರು ಅವ್ರು?"

"ಇದು ಬರೀ ಸೋಯಾ ಅವರೆಯ ನೆಂಟ ಅಂತಾದರೆ, ನೀವು ಹೊಸದಾಗಿ ಕಂಡುಹಿಡಿದದ್ದೇನು ಅಂತ ಕೇಳಿದ್ರು."

"ಇವರು ಎಂತ ಅಂದ್ರು?"

"ನನಗೆ ಕಂಡದ್ದು ಇದೇ ಸರ್ ಅಂದ್ರು. ಬೇರೆ ಏನಾದರೂ ಆಗಿದ್ದರೆ ಚೆನ್ನಾಗಿತ್ತು ಅಂತ ನನಗೂ ಅನ್ನಿಸಿತ್ತು ಅಂದ್ರು."

ಸುಶೀಲಾ ಸೆರಗು ಸರಿಮಾಡಿಕೊಂಡು, ಬೆನ್ನು ನೇರ ಮಾಡಿ ಕೂತರು.

"ಸರಿಯಾಗೇ ಹೇಳಿದಾರೆ" ಎಂದರು.